ಅಂಕೀಯ ಧ್ವನಿಯಂತ್ರದ ಕಾಲಸ್ಫಟಿಕವೂ ಪಾರಿಜಾತದ ಶ್ರುತಿಯೂ

ಕೃಷ್ಣಾ-ಘಟಪ್ರಭೆಗಳ ಸೀಮೆಯಾದ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿಗಳಲ್ಲಿ ಶ್ರೀಕೃಷ್ಣ ಪಾರಿಜಾತದ ಆಟವು ಬಹುಕಾಲದಿಂದ ಜನಪ್ರಿಯವಾಗಿರುವದು ಸಾಹಿತ್ಯಾಭ್ಯಾಸಿಗಳಿಗೆ ವಿದಿತವೇ ಆಗಿದೆ. ಅದರ ಪದಗಳ ಪಾಠವು ಅಚ್ಚಿನಲ್ಲಿ ನಿಲ್ಲಬಹುದು. ಶ್ರುತಿಯೂ ಲಯವೂ ಹಾಡುವವರ ಕಂಠದೊಡನೆಯೇ ಹೋಗುವವು. ಆದಕಾರಣ ಆ ಅಂಶದಲ್ಲಿ ಧ್ವನಿಮುದ್ರಿಕೆಯೇ ಮೂಲಪ್ರತಿ. ಓಲೆಗರಿಯಲ್ಲಿ ಲಿಪಿಕಾರನ ಪ್ರಮಾದವನ್ನು ಶೋಧಿಸುವ ವಿದ್ವಾಂಸರು ಮುದ್ರಿಕೆಯಲ್ಲಿ ಯಂತ್ರದ ಪ್ರಮಾದವನ್ನು ಶೋಧಿಸುವದು ಅಪೂರ್ವ. ಆ ಪ್ರಮಾದದ ಒಂದು ಮೂಲವು ಯಂತ್ರದೊಳಗಿರುವ, ಉಗುರಿನಷ್ಟು ಕಿರಿದಾದ ಒಂದು ಸ್ಫಟಿಕವು.

ಅಂಕೀಯ ಯಂತ್ರವು ಧ್ವನಿಯ ಅಲೆಯನ್ನು ಸಮಾನ ಕಾಲಾಂತರಗಳಲ್ಲಿ ಅಳೆದು ಪ್ರತಿಯೊಂದು ಅಳತೆಯನ್ನೂ ಅಂಕೆಯಾಗಿ ಬರೆದಿಡುವದು. 1982ರಲ್ಲಿ ಪೇಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಸೆಕೆಂಡಿಗೆ 44,100 ಅಳತೆಗಳು. ಚಲಚ್ಚಿತ್ರ, ದೂರದರ್ಶನಗಳಲ್ಲಿ 48,000. ಬರೆದಿಟ್ಟ ಅಂಕೆಗಳಲ್ಲಿ ಕಾಲವು ಅಡಗಿರುವದಿಲ್ಲ. ಪದ್ಯದ ಅಕ್ಷರಗಳಿಗೆ ಓದುವವನು ಮಾತ್ರಾಕಾಲವನ್ನು ಕೊಡುವಂತೆ, ಅಂಕೆಗಳಿಗೆ ಕಾಲವನ್ನು ಕೊಡುವದು ಯಂತ್ರದ ಆಂದೋಲಕವು. ಕ್ವಾರ್ಟ್ಸ್ ಮುಂತಾದ ಸ್ಫಟಿಕಗಳನ್ನು ಒತ್ತಿದಾಗ ವಿದ್ಯುತ್ತು ಹುಟ್ಟುವದೆಂಬುದನ್ನು ಕ್ಯೂರಿ ಸಹೋದರರು 1880ರಲ್ಲಿ ಕಂಡರು. ವಿದ್ಯುತ್ತನ್ನು ಕೊಟ್ಟರೆ ಅದೇ ಸ್ಫಟಿಕವು ತನ್ನ ಗಾತ್ರಕ್ಕೆ ತಕ್ಕ ನಿಯತವೇಗದಿಂದ ಕಂಪಿಸುವದು. 11.2896 ಮೆಗಾಹರ್ಟ್ಸಿನ ಸ್ಫಟಿಕದ ಕಂಪಗಳನ್ನು 256ರಿಂದ ಭಾಗಿಸಿದರೆ 44,100, 12.288ರವನ್ನು ಭಾಗಿಸಿದರೆ 48,000 ದೊರೆಯುವದು.

ಇಲ್ಲಿ ಎರಡು ಬಗೆಯ ದೋಷಗಳನ್ನು ಬೇರ್ಪಡಿಸಿ ತಿಳಿಯಬೇಕು. ಬನಹಟ್ಟಿಯ ಮಗ್ಗವೇ ಇದಕ್ಕೆ ಉತ್ತಮ ದೃಷ್ಟಾಂತ. ಅಂಗುಲಕ್ಕೆ ಇಷ್ಟೆಂದು ಗೊತ್ತಾದ ಹೊಕ್ಕಿನ ಎಳೆಗಳ ಎಣಿಕೆಯೇ ತಪ್ಪಿದರೆ ಬಟ್ಟೆಯ ಉದ್ದವೇ ಕೆಡುವದು. ಎಣಿಕೆಯು ಸರಿಯಿದ್ದೂ ಹಣಿಗೆಯ ಬಡಿತವು ಒಮ್ಮೆ ಬಿಗಿ ಒಮ್ಮೆ ಸಡಿಲವಾದರೆ, ಉದ್ದವು ಸರಿಯಾಗಿಯೇ ಇದ್ದು ಮೈಮೇಲೆ ಪಟ್ಟೆಗಳು ತೋರುವವು. ಈ ಎರಡನೆಯದನ್ನೇ ಯಂತ್ರಜ್ಞರು ಜಿಟರ್ ಎನ್ನುವರು.

ಆಂದೋಲಕದ ಮಾರ್ಪಾಟು ಈ ಜಿಟರನ್ನು ಕುರಿತದ್ದು. ಹಳೆಯ ಸ್ಫಟಿಕವನ್ನೂ ಅದರ ಪಕ್ಕದ ಎರಡು ಚಿಕ್ಕ ಕೆಪ್ಯಾಸಿಟರುಗಳನ್ನೂ ಬೆಸುಗೆ ಬಿಡಿಸಿ ತೆಗೆದು, ಸ್ವಯಂಪೂರ್ಣವಾದ ಆಂದೋಲಕವೊಂದನ್ನು ಕೂಡಿಸುವರು. ಅದಕ್ಕೆ ಬೇರೆಯೇ ಒಂದು ವೋಲ್ಟೇಜು ನಿಯಂತ್ರಕ ಬೇಕು. ಇಲ್ಲದಿದ್ದರೆ ಉಳಿದ ಭಾಗಗಳ ವಿದ್ಯುತ್ ಗದ್ದಲವೇ ಗಡಿಯಾರವನ್ನು ನಡುಗಿಸುವದು. ತಂತಿಯು ಆದಷ್ಟು ಗಿಡ್ಡವಾಗಿರಬೇಕು. 3.3 ವೋಲ್ಟಿನ ಚಿಪ್ಪಿಗೆ 5 ವೋಲ್ಟಿನ ಆಂದೋಲಕವನ್ನು ಜೋಡಿಸಿದರೆ ಚಿಪ್ಪೇ ಸುಡಬಹುದು.

ಇದರಿಂದ ಗಾನವು ಮಧುರವಾಗುವದೇ? ಹಾಗೆಂದು ಸಾರುವವರು ಬಹಳ. ಲೆಕ್ಕದ ಪ್ರಕಾರ, 16 ಬಿಟ್ಟಿನ ಮುದ್ರಣದಲ್ಲಿ 20,000 ಹರ್ಟ್ಸಿನ ಪೂರ್ಣಧ್ವನಿಗೆ ಒಂದು ಅಂಕೆಯಷ್ಟು ತಪ್ಪು ಬರಲು 240 ಪಿಕೋಸೆಕೆಂಡುಗಳಷ್ಟು ಕಾಲಭೇದವೇ ಸಾಕು. ಆದರೆ 2005ರಲ್ಲಿ ಜಪಾನಿನ ಸಂಶೋಧಕರು ಪ್ರಕಟಿಸಿದ ಪರೀಕ್ಷೆಯಲ್ಲಿ, ಸಂಗೀತವನ್ನು ಕೇಳುವವರಿಗೆ ನೂರಾರು ನ್ಯಾನೋಸೆಕೆಂಡುಗಳ ಜಿಟರ್ ಆದಾಗಲೇ ಭೇದವು ತಿಳಿದುಬಂದಿತು. ಅದು ಸಹಸ್ರಪಾಲು ಹೆಚ್ಚಿನ ಪ್ರಮಾಣ. ಆದುದರಿಂದ ಕೇಳುವ ಯಂತ್ರದಲ್ಲಿ ಈ ಶ್ರಮವು ಬಹುಮಟ್ಟಿಗೆ ವ್ಯರ್ಥವೇ. ಮುದ್ರಿಸುವ ಯಂತ್ರದ ಮಾತು ಬೇರೆ: ಅಲ್ಲಿ ಹೊಕ್ಕ ಜಿಟರನ್ನು ಮುಂದೆ ಎಂತಹ ಯಂತ್ರದಲ್ಲಿ ನುಡಿಸಿದರೂ ಕಳೆಯಲಾಗದು.

ವಿದ್ವಾಂಸರು ಹೆದರಬೇಕಾದದ್ದು ಮೊದಲನೆಯ ದೋಷಕ್ಕೆ. ಸಾಧಾರಣ ಸ್ಫಟಿಕವು 10 ಲಕ್ಷಕ್ಕೆ 50ರಷ್ಟು ತಪ್ಪಿದರೂ ಗಂಟೆಗೆ 0.18 ಸೆಕೆಂಡಿನ ಅಂತರ ಮಾತ್ರ; ಅದನ್ನು ಯಾವ ಕಿವಿಯೂ ಅರಿಯದು. ಆದರೆ ಮಾರ್ಪಾಟಿನಲ್ಲಿ 11.2896ರ ಸ್ಥಾನಕ್ಕೆ 12.288ನ್ನು ಕೂಡಿಸಿದರೆ, ಯಂತ್ರವು 48,000 ಸಲ ಅಳೆದು 44,100 ಎಂದೇ ಹೆಸರಿಡುವದು. ಬೇರೆ ಯಂತ್ರದಲ್ಲಿ ಅದನ್ನು ನುಡಿಸಿದಾಗ ಒಂದು ಗಂಟೆಯ ಆಟವು 5 ನಿಮಿಷ 18 ಸೆಕೆಂಡು ಹಿಗ್ಗುವದು. ಶ್ರುತಿಯು ಪೇಟಿಯ ಸುಮಾರು ಒಂದೂವರೆ ಪಟ್ಟಿಯಷ್ಟು ಇಳಿಯುವದು. ಕಂಠವೂ ಗಂಭೀರವಾಗಿ, ಲಯವೂ ವಿಳಂಬವಾಗಿ ಕೇಳಿಸುವದರಿಂದ ತಪ್ಪೆಂದು ಅನುಮಾನವೇ ಬಾರದು. ಸತ್ಯಭಾಮೆಯ ಪದವನ್ನು ಇಂಥ ಮುದ್ರಿಕೆಯಿಂದ ಕೇಳಿ, ಈ ಸೀಮೆಯ ಹಾಡುವವರ ಶ್ರುತಿಯು ತಗ್ಗಿನದೆಂದು ನಿರ್ಣಯಿಸಿದರೆ ಆ ನಿರ್ಣಯವು ಸ್ಫಟಿಕದ್ದಾಗುವದೇ ಹೊರತು ಗಾಯಕಿಯದಲ್ಲ.

ಪರೀಕ್ಷೆಯು ಸುಲಭ. ಆಟದ ಮೊದಲು 440 ಹರ್ಟ್ಸಿನ ಶ್ರುತಿಕವೆಯ ನಾದವನ್ನು ಕೆಲವು ಕ್ಷಣ ಮುದ್ರಿಸಿ, ಆ ಮುದ್ರಿಕೆಯನ್ನು ಬೇರೆ ಯಂತ್ರದಲ್ಲಿ ನುಡಿಸಿ ಅಳೆಯಬೇಕು. 440ಕ್ಕೆ ಬದಲಾಗಿ 404ರ ಸಮೀಪದ ಅಂಕೆಯು ಬಂದರೆ ಸ್ಫಟಿಕವು ಬದಲಾಗಿದೆಯೆಂದೇ ತಿಳಿಯತಕ್ಕದ್ದು. ಆ ನಾದವನ್ನು ಅಳಿಸದೆ ಆಟದೊಡನೆಯೇ ಉಳಿಸಿ, ದಾಖಲೆಯ ವಹಿಯಲ್ಲಿ ಸ್ಥಳ, ದಿನಾಂಕ, ಹಾಡಿದವರ ಹೆಸರುಗಳ ಜತೆಗೆ ಆಂದೋಲಕದ ಮೇಲೆ ಕೊರೆದ ಅಂಕೆಯನ್ನೂ ಬರೆದಿಡತಕ್ಕದ್ದು.