ಕಾಲು, ವೀಸ, ಕಾಣಿ: ಮೂವರಿಗೆ ಒಂದು ರೊಟ್ಟಿ

ಶಾಲಾ ಮಕ್ಕಳಿಗೆ ಗಣಿತದ ರೀತಿಯಲ್ಲಿ ಆಲೋಚಿಸುವುದನ್ನು ಕಲಿಸುವುದು ಹೇಗೆ ಎಂಬ ಪ್ರಶ್ನೆ ಪಾಲಕರ ಸಭೆಗಳಿಂದ ಪಠ್ಯಕ್ರಮ ಸಮಿತಿಗಳವರೆಗೆ ಮತ್ತೆ ಮತ್ತೆ ಏಳುತ್ತಿದ್ದು, ಅದಕ್ಕೆ ದೊರೆಯುವ ಮೊದಲ ಉತ್ತರ ಸಾಮಾನ್ಯವಾಗಿ ಬಾಯಿಪಾಠದ ನಿಂದೆಯೇ ಆಗಿರುತ್ತದೆ. ಇಟ್ಟಿಗಿ, ಹಡಗಲಿ, ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿಗಳ ಸೀಮೆಯನ್ನು ಒಳಗೊಂಡಿದ್ದ ಹಳೆಯ ಬಳ್ಳಾರಿ ಜಿಲ್ಲೆಯ ಶಾಲೆಗಳ ಬಗ್ಗೆ ಉಳಿದುಬಂದಿರುವ ಒಂದು ವರದಿಯನ್ನು ಓದಿದವರು ಆ ನಿಂದೆಯನ್ನು ಅಷ್ಟು ಸಲೀಸಾಗಿ ಆಡಲಾರರು.

ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ದೇಶೀ ಶಾಲೆಗಳ ವಿವರ ಕೇಳಿದಾಗ, ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರ ಆಗಸ್ಟ್‌ನಲ್ಲಿ ಉತ್ತರ ಬರೆದನು. ಅವನ ಎಣಿಕೆಯಂತೆ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದು, ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿದ ಮಕ್ಕಳು ಕೂಡುವ ಮಗ್ಗಿಯನ್ನೂ ನೂರರವರೆಗಿನ ಎಣಿಕೆಯನ್ನೂ ಕಲಿತು, ಬಳಿಕ ಹಣ ಮತ್ತು ಅಳತೆಗಳ ಲೆಕ್ಕಕ್ಕೆ ಬರುತ್ತಿದ್ದರು. ದಿನಕ್ಕೆ ಎರಡು ಸಲ ಸಾಲಾಗಿ ನಿಂತು, ಹಿರಿಯ ವಿದ್ಯಾರ್ಥಿ ಹೇಳಿಕೊಟ್ಟಂತೆ ಎಲ್ಲವನ್ನೂ ಒಪ್ಪಿಸುತ್ತಿದ್ದರು. ಅರ್ಥವರಿಯದೆ ಪದ್ಯ ಒಪ್ಪಿಸುವ ಹುಡುಗರನ್ನು ಕ್ಯಾಂಬೆಲ್ ಗಿಳಿಗೆ ಹೋಲಿಸಿದ್ದು ನಿಜ. ಆದರೆ ಆ ಮಾತು ಕಾವ್ಯಪಾಠಕ್ಕೆ ಸಂಬಂಧಿಸಿದ್ದು. ಲೆಕ್ಕದ ವಿಷಯದಲ್ಲಿ, ಭಿನ್ನರಾಶಿಗಳನ್ನು ಕಲಿಸಲು ಬಹಳ ಶ್ರಮ ವಹಿಸುತ್ತಾರೆಂದೂ ಅವು ಹತ್ತರಿಂದಲ್ಲದೆ ನಾಲ್ಕರಿಂದ ಕಿರಿದಾಗುತ್ತ ಹೋಗುತ್ತವೆಂದೂ ಅವನು ಬರೆದಿದ್ದಾನೆ.

ಕಾಲು ಎಂದರೆ ಒಂದರ ನಾಲ್ಕನೆಯ ಭಾಗ, ವೀಸವೆಂದರೆ ಕಾಲಿನ ಕಾಲು, ಅಂದರೆ ಹದಿನಾರರಲ್ಲಿ ಒಂದು, ಕಾಣಿಯೆಂದರೆ ವೀಸದ ಕಾಲು, ಅಂದರೆ ಅರವತ್ತನಾಲ್ಕರಲ್ಲಿ ಒಂದು. ಈ ಪಟ್ಟಿಯಲ್ಲಿ ಮೂರನೆಯ ಒಂದು ಪಾಲಿಗೆ ಜಾಗವಿಲ್ಲ. ಹಾಗಿದ್ದರೆ ಕಾಲುಗಳಾಗಿ ಮಾತ್ರ ಮುರಿಯಬೇಕೆಂಬ ಕಟ್ಟಳೆಯಲ್ಲಿ ಒಂದು ಜೋಳದ ರೊಟ್ಟಿಯನ್ನು ಮೂವರಿಗೆ ಸಮನಾಗಿ ಹಂಚುವುದು ಹೇಗೆ?

ರೊಟ್ಟಿಯನ್ನು ನಾಲ್ಕು ಮಾಡಿ ಮೂವರಿಗೂ ಒಂದೊಂದು ಕೊಟ್ಟರೆ ಒಂದು ಚೂರು ಉಳಿಯುತ್ತದೆ. ಅದನ್ನೂ ನಾಲ್ಕು ಮಾಡಿ ಹಂಚಿದರೆ ತಲಾ ಒಂದು ವೀಸ ಸಿಕ್ಕಿ ಒಂದು ವೀಸ ಮಿಗುತ್ತದೆ. ಮತ್ತೊಮ್ಮೆ ಹಂಚಿದರೆ ತಲಾ ಒಂದು ಕಾಣಿ ಸಿಕ್ಕಿ ಒಂದೇ ಕಾಣಿ ಮಿಗುತ್ತದೆ. ಆಗ ಒಬ್ಬೊಬ್ಬರ ಬಳಿ ಹದಿನಾರು, ನಾಲ್ಕು ಮತ್ತು ಒಂದು ಸೇರಿ ಇಪ್ಪತ್ತೊಂದು ಕಾಣಿ ಇರುತ್ತದೆ. ಪ್ರತಿ ಸುತ್ತಿನಲ್ಲೂ ಮೂವರ ಪಾಲು ಸಮ, ಉಳಿಕೆ ಮಾತ್ರ ಹಿಂದಿನದರ ಕಾಲು. ಆದ್ದರಿಂದ ಅದನ್ನು ಬೇಕಾದಷ್ಟು ಚಿಕ್ಕದು ಮಾಡಬಹುದು, ಒಬ್ಬೊಬ್ಬರ ಪಾಲೂ ಮೂರನೆಯ ಒಂದಕ್ಕೆ ಬೇಕಾದಷ್ಟು ಹತ್ತಿರ ಬರುತ್ತದೆ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಆರ್ಕಿಮಿಡೀಸ್ ಪರವಲಯವೆಂಬ ವಕ್ರರೇಖೆಯ ಒಂದು ಖಂಡದ ವಿಸ್ತೀರ್ಣವನ್ನು ಸಾಧಿಸಲು ನೆಚ್ಚಿಕೊಂಡದ್ದು ಇದೇ ಮೊತ್ತವನ್ನು. ಕಾಲೇಜಿನಲ್ಲಿ ಅನಂತ ಶ್ರೇಢಿ, ಎಂದರೆ ಮುಗಿಯದೆ ಸಾಗುವ ಪದಗಳ ಸಾಲು, ಎಂಬ ಗಂಭೀರ ಹೆಸರಿನಲ್ಲಿ ಬರುವ ವಿಷಯ ಐದನೆಯ ತರಗತಿಯ ಮಗುವಿನ ಕೈಗೆ ಎಟುಕುವಂಥದ್ದೇ.

ಇಂಥ ಪ್ರಶ್ನೆಯನ್ನು ಅಂದಿನ ಶಾಲೆಗಳಲ್ಲಿ ಕೇಳುತ್ತಿದ್ದರೆಂದು ಕ್ಯಾಂಬೆಲ್ ಹೇಳುವುದಿಲ್ಲ. ಕೊರತೆಯಿದ್ದರೆ ಅದು ಅಲ್ಲಿದೆ, ಮಗ್ಗಿಯಲ್ಲಿ ಅಲ್ಲ. ವೀಸ, ಕಾಣಿಗಳು ನಾಲಿಗೆಯ ತುದಿಯಲ್ಲಿದ್ದ ಮಗುವಿಗೆ ಇಪ್ಪತ್ತೊಂದು ಕಾಣಿಯ ಲೆಕ್ಕ ಕ್ಷಣದ ಕೆಲಸವಾಗಿ, ಉಳಿಕೆ ಯಾಕೆ ಹೀಗೆ ಕಿರಿದಾಗುತ್ತಿದೆಯೆಂದು ಯೋಚಿಸಲು ಬಿಡುವು ಸಿಗುತ್ತಿತ್ತು. ಈಗ ಪೇಟೆಗಳಲ್ಲಿ ನಡೆಯುವ ಅಬ್ಯಾಕಸ್ ತರಗತಿಗಳು ಮಾರುವುದು ಆ ಕ್ಷಣದ ವೇಗವನ್ನು ಮಾತ್ರ. ಅದನ್ನೇ ಬುದ್ಧಿಶಕ್ತಿಯೆಂದು ಜಾಹೀರಾತು ಮಾಡುವುದು ಅತಿಯಾಯಿತು. ಅಕ್ಷರ ಫೌಂಡೇಶನ್ನಿನ 'ಗಣಿತ ಕಲಿಕಾ ಆಂದೋಲನ' ಸರ್ಕಾರಿ ಶಾಲೆಗಳಿಗೆ ಮುಟ್ಟಿಸಿದ ಕಲಿಕಾ ಸಾಮಗ್ರಿಯ ಪೆಟ್ಟಿಗೆಗಳು ಇದಕ್ಕಿಂತ ಎಷ್ಟೋ ಮೇಲು, ಏಕೆಂದರೆ ಅಲ್ಲಿ ಮಗುವಿನ ಕೈಗೆ ಕೆಲಸವಿದೆ. ಆದರೂ ಯಾವುದೇ ಪೆಟ್ಟಿಗೆಯಲ್ಲಿ ಮೂರನೆಯ ಒಂದು ಪಾಲು ಸಿದ್ಧವಾಗಿ ಕತ್ತರಿಸಿ ಬಂದಿದ್ದರೆ ರೊಟ್ಟಿಯ ಪ್ರಶ್ನೆ ಅಲ್ಲಿಗೇ ಸತ್ತಂತೆ.

ಹಂಗೇರಿಯಲ್ಲಿ ಹುಟ್ಟಿದ ಗಣಿತಜ್ಞ ಜಾರ್ಜ್ ಪೋಲ್ಯ 1945ರ ತನ್ನ ಪುಸ್ತಕದಲ್ಲಿ ಸಮಸ್ಯೆ ಬಿಡಿಸುವ ನಾಲ್ಕು ಹಂತಗಳನ್ನು ಹೇಳಿದನು: ಅರಿಯುವುದು, ಉಪಾಯ ಹೂಡುವುದು, ನಡೆಸುವುದು, ಹಿಂತಿರುಗಿ ನೋಡುವುದು. ಮೊದಲ ಮೂರನ್ನು ಹೇಗೋ ಮುಗಿಸುವ ತರಗತಿಗಳಲ್ಲಿ ನಾಲ್ಕನೆಯದಕ್ಕೆ ಹೊತ್ತು ಸಿಗುವುದಿಲ್ಲ, ರುಚಿಯಿರುವುದು ಅಲ್ಲಿಯೇ. ಮೂವರ ಬದಲು ಐವರಿದ್ದರೆ ಕಾಲು ಸಾಲದು, ಆದರೆ ಹದಿನಾರು ವೀಸ ಮಾಡಿ ತಲಾ ಮೂರು ಕೊಟ್ಟರೆ ಮತ್ತೆ ಒಂದೇ ಉಳಿಯುತ್ತದೆ. ಏಳು ಮಂದಿಗೆ ಅರವತ್ತನಾಲ್ಕು ಕಾಣಿ ಮಾಡಿ ತಲಾ ಒಂಬತ್ತು ಕೊಟ್ಟರೂ ಉಳಿಯುವುದು ಒಂದೇ. ಆರು ಮಂದಿಗೆ ಹಂಚಹೊರಟರೆ ಮಾತ್ರ ಕಾಲು, ವೀಸ, ಕಾಣಿ ಯಾವುದರಿಂದ ಮಾಡಿದರೂ ಪ್ರತಿಸಲವೂ ನಾಲ್ಕು ಚೂರು ಮಿಗುತ್ತವೆ. ಯಾಕೆಂಬುದನ್ನು ಪತ್ತೆಹಚ್ಚಲು ಒಂದು ತರಗತಿಗೆ ಒಂದು ಮಧ್ಯಾಹ್ನ ಸಾಕು.