ಸೀಮೆಬದನೆಗೆ ಎರಡು ಗಡುವು

ಸೀಮೆಬದನೆ ಹಾಕಲು ಬೆಂಗಳೂರಿನವರು ತಾರೀಕು ನೋಡಬೇಕಿಲ್ಲ. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ನೋಡಲೇಬೇಕು. ಅಲ್ಲಿ ಇದು ಹಿತ್ತಲಿನ ಅಕ್ಕರೆಯ ಬಳ್ಳಿ. ಮಿರ್ಲಿಟನ್ ಎಂದು ಕರೆಯುತ್ತಾರೆ, ನವೆಂಬರ್ ಹಬ್ಬದೂಟಕ್ಕೆ ಸಿಗಡಿ ತುಂಬಿ ಬೇಯಿಸುತ್ತಾರೆ. ಆದರೆ ಚಳಿಗಾಲದ ಕೆಲವು ರಾತ್ರಿ ಅಲ್ಲಿ ಎಲೆಯ ಮೇಲೆ ಗಾಳಿಯ ತೇವ ಹೆಪ್ಪುಗಟ್ಟುತ್ತದೆ. ಅದೇ ಫ್ರಾಸ್ಟ್.

ವಸಂತದ ಕೊನೆಯ ಫ್ರಾಸ್ಟ್ ಕಳೆದ ಮೇಲೆ ಕಾಯಿ ನೆಡಬೇಕು ಎಂಬುದು ಎಲ್ಲರಿಗೂ ಗೊತ್ತಿರುವ ನಿಯಮ. ಇದರ ಬೀಜವನ್ನು ಬಿಡಿಸಿ ಬಿತ್ತುವುದಿಲ್ಲ. ಒಂದೇ ಬೀಜ, ಅದೂ ಕಾಯಿಯೊಳಗೇ ಮೊಳೆಯುತ್ತದೆ. ಅಗಲವಾದ ತುದಿಯ ಸೀಳಿನಿಂದ ಮೊಳಕೆ ಇಣುಕಿದಾಗ ಇಡೀ ಕಾಯಿಯನ್ನು ಓರೆಯಾಗಿ, ತೊಟ್ಟಿನ ತುದಿ ತುಸು ಕಾಣುವಂತೆ ಹೂಳುತ್ತಾರೆ. ಎಳೆಬೇರು ಬಲಿಯುವವರೆಗೆ ಕಾಯಿಯ ತಿರುಳೇ ಅದಕ್ಕೆ ನೀರು, ಆಹಾರ.

ನನ್ನ ಪ್ರಕಾರ ವಸಂತದ ಈ ಗಡುವಿಗಿಂತ ಮುಖ್ಯವಾದದ್ದು ಶರತ್ಕಾಲದ ಮೊದಲ ಫ್ರಾಸ್ಟ್. ಬಳ್ಳಿ ಎಷ್ಟೇ ಸೊಂಪಾಗಿ ಹಬ್ಬಿದರೂ ಹಗಲು ಸುಮಾರು 12 ಗಂಟೆಗೆ ಇಳಿಯುವವರೆಗೆ ಹೂವಿನ ಯೋಚನೆಯನ್ನೇ ಮಾಡುವುದಿಲ್ಲ. ನ್ಯೂ ಆರ್ಲಿಯನ್ಸ್‌ನಲ್ಲಿ ಜೂನ್ ತಿಂಗಳ ಹಗಲು 14 ಗಂಟೆ. ಅದು ಹನ್ನೆರಡಕ್ಕೆ ಬರುವುದು ಸೆಪ್ಟೆಂಬರ್ ಕೊನೆಗೆ. ಹೂವು ಪರಾಗಸ್ಪರ್ಶವಾಗಿ ಕಾಯಿ ಬಲಿಯಲು ಮತ್ತೊಂದು ತಿಂಗಳಾದರೂ ಬೇಕು. ಆ ಊರಲ್ಲಿ ಫ್ರಾಸ್ಟ್ ಸಾಮಾನ್ಯವಾಗಿ ಡಿಸೆಂಬರ್‌ವರೆಗೆ ತಡೆಯುವುದರಿಂದ ಬುಟ್ಟಿ ತುಂಬುತ್ತದೆ. ಷಿಕಾಗೋದಲ್ಲಿ ಅಕ್ಟೋಬರ್‌ನಲ್ಲೇ ಫ್ರಾಸ್ಟ್ ಬೀಳುವುದುಂಟು. ಅಲ್ಲಿ ಎಷ್ಟು ಬೇಗ ನೆಟ್ಟರೂ ಸಿಗುವುದು ಬರೀ ಬಳ್ಳಿ. ಬೆಂಗಳೂರಿನ ಅತಿ ದೀರ್ಘ ಹಗಲು ಕೂಡ 13 ಗಂಟೆ ಮುಟ್ಟುವುದಿಲ್ಲ, ಫ್ರಾಸ್ಟ್ ಅಂತೂ ಇಲ್ಲವೇ ಇಲ್ಲ.

ಪಂಚಾಂಗದ ತಿಥಿಯಂತೆ ಫ್ರಾಸ್ಟ್ ತಾರೀಕು ಖಚಿತವಲ್ಲ. ಅದು ಹಲವು ವರ್ಷಗಳ ದಾಖಲೆಯಿಂದ ತೆಗೆದ ಸಂಭವನೀಯತೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ಎಲೆ ತನ್ನ ಶಾಖವನ್ನು ಆಕಾಶಕ್ಕೆ ಚೆಲ್ಲಿ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಹಾಗಾಗಿ ಆಳೆತ್ತರದಲ್ಲಿರುವ ಥರ್ಮಾಮೀಟರ್ 2 ಡಿಗ್ರಿ ತೋರಿಸುತ್ತಿದ್ದರೂ ಎಲೆಯ ಮೇಲೆ ಮಂಜುಗಡ್ಡೆ ಕಟ್ಟಬಹುದು. ಜೀವಕೋಶಗಳ ನಡುವೆ ಹೆಪ್ಪುಗಟ್ಟಿದ ನೀರು ಕೋಶದೊಳಗಿನ ನೀರನ್ನೂ ಹೀರುತ್ತದೆ, ಪೊರೆಗಳು ಹರಿಯುತ್ತವೆ. ಬಿಸಿಲೇರುವ ಹೊತ್ತಿಗೆ ಬಳ್ಳಿ ಕಪ್ಪಗೆ ಜೋತುಬಿದ್ದಿರುತ್ತದೆ.

ಅದನ್ನು ಬುಡಸಮೇತ ಕಿತ್ತೆಸೆಯಬಾರದು. ನೆಲ ಹೆಪ್ಪುಗಟ್ಟದಿದ್ದರೆ ಗೆಡ್ಡೆಬೇರು ಬದುಕಿರುತ್ತದೆ. ಬಳ್ಳಿ ಕತ್ತರಿಸಿ, ಬುಡಕ್ಕೆ ದಪ್ಪಗೆ ತರಗೆಲೆ ಹೊದಿಸಿದರೆ ವಸಂತದಲ್ಲಿ ಅಲ್ಲಿಂದಲೇ ಚಿಗುರುತ್ತದೆ. ಬೇರು ಬಲಿತಿರುವ ಆ ಬಳ್ಳಿ ಹೊಸ ಕಾಯಿ ನೆಟ್ಟದ್ದಕ್ಕಿಂತ ಬೇಗ ಚಪ್ಪರ ಹತ್ತಿ, ಸೆಪ್ಟೆಂಬರ್‌ಗೆ ಹೂಬಿಡಲು ತಯಾರಾಗಿರುತ್ತದೆ.