ಮಿತವ್ಯಯದಲ್ಲಿ ಆಟದ ಗಣಕಯಂತ್ರ: ಪ್ರೊಸೆಸರಿನ ಆಯ್ಕೆ

ಗಣಕಯಂತ್ರವು ಇಂದು ಮನೆಮನೆಯ ಅಗತ್ಯವಾಗಿ ಪರಿಣಮಿಸಿದೆ. ವಿದ್ಯಾರ್ಥಿಯು ಅದನ್ನು ಪಾಠಕ್ಕೆಂದು ಕೇಳುತ್ತಾನೆ. ಆಟಕ್ಕೂ ಒದಗಲಿ ಎಂಬ ಆಸೆಯನ್ನು ಮನಸ್ಸಿನಲ್ಲಿ ಇರಿಸಿಕೊಂಡಿರುತ್ತಾನೆ. ಇವೆರಡೂ ಒಂದೇ ಯಂತ್ರದಿಂದ ನೆರವೇರಬೇಕು, ವೆಚ್ಚವೂ ಸಂಸಾರದ ಅಳವಿನಲ್ಲಿರಬೇಕು ಎಂದಾಗ ತಂದೆತಾಯಿಗಳು ಪರಿಚಿತ ಉಪಾಧ್ಯಾಯರನ್ನೋ ಪಟ್ಟಣದಲ್ಲಿರುವ ಬಂಧುಗಳನ್ನೋ ವಿಚಾರಿಸುವುದು ರೂಢಿ. ಒಮ್ಮೆ ಕೊಂಡ ಯಂತ್ರವನ್ನು ಐದಾರು ವರ್ಷ ಬಾಳಿಸಬೇಕಾದ ಮನೆಗೆ ತಪ್ಪು ಆಯ್ಕೆಯ ಹೊರೆ ಸಣ್ಣದಲ್ಲ. ಸಲಹೆ ನೀಡಬೇಕಾದವರಿಗೆ ನೆರವಾಗಲೆಂಬುದೇ ಈ ಕಿರುಲೇಖನದ ಉದ್ದೇಶ.

ಪ್ರೊಸೆಸರ್ ಎಂಬುದು ಗಣಕಯಂತ್ರದ ಲೆಕ್ಕಿಗ. 1971ರಲ್ಲಿ ಇಂಟೆಲ್ ಸಂಸ್ಥೆ ಹೊರತಂದ 4004 ಎಂಬ ಪ್ರೊಸೆಸರಿನಲ್ಲಿ ಸುಮಾರು 2,300 ಟ್ರಾನ್ಸಿಸ್ಟರುಗಳಿದ್ದವು. ಇಂದಿನವುಗಳಲ್ಲಿ ನೂರಾರು ಕೋಟಿಗಳಿವೆ. ಆಟದ ವೇಳೆಯಲ್ಲಿ ಇದರ ಕಾರ್ಯವೇನು? ಪರದೆಯ ಮೇಲೆ ಕಾಣುವ ಚಲನೆಯು ವಾಸ್ತವವಾಗಿ ಬಿಡಿಬಿಡಿ ಚಿತ್ರಗಳ ಸರಣಿ. ಸೆಕೆಂಡಿಗೆ 60 ಚಿತ್ರಗಳು ಮೂಡಬೇಕಾದರೆ ಒಂದೊಂದಕ್ಕೆ ದೊರೆಯುವ ಕಾಲ ಸುಮಾರು 16.7 ಮಿಲಿಸೆಕೆಂಡ್ ಮಾತ್ರ. ಅಷ್ಟರಲ್ಲಿ ಆಟಗಾರನು ಎಲ್ಲಿದ್ದಾನೆ, ಎದುರಾಳಿಯು ಎತ್ತ ಚಲಿಸಿದನು, ಎಸೆದ ವಸ್ತು ಎಲ್ಲಿ ಬಿದ್ದಿತು ಎಂಬುದನ್ನೆಲ್ಲ ಪ್ರೊಸೆಸರು ಲೆಕ್ಕಹಾಕಿ, ಏನನ್ನು ಬರೆಯಬೇಕೆಂದು ಗ್ರಾಫಿಕ್ಸ್ ಕಾರ್ಡಿಗೆ ಆಜ್ಞಾಪಿಸುತ್ತದೆ. ಬಣ್ಣ ತುಂಬಿ ಚಿತ್ರ ಬರೆಯುವ ಕೆಲಸ ಗ್ರಾಫಿಕ್ಸ್ ಕಾರ್ಡಿನದು.

ಹೀಗಾಗಿ ಇವೆರಡೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಿದ್ದಂತೆ; ನಿಧಾನವಾದ ಎತ್ತಿನ ನಡಿಗೆಯೇ ಬಂಡಿಯ ನಡಿಗೆ. 1920×1080 ಅಳತೆಯ ಪರದೆಯಲ್ಲಿ 20,73,600 ಬಿಂದುಗಳಿವೆ. 3840×2160 ಅಳತೆಯಲ್ಲಿ ಅದರ ನಾಲ್ಕರಷ್ಟು. ಪರದೆಯ ಅಳತೆ ಹಿಗ್ಗಿದಂತೆ ಗ್ರಾಫಿಕ್ಸ್ ಕಾರ್ಡಿನ ಭಾರ ಹೆಚ್ಚುತ್ತದೆಯೇ ಹೊರತು ಪ್ರೊಸೆಸರಿನ ಲೆಕ್ಕವು ಅಷ್ಟಾಗಿ ಬದಲಾಗುವುದಿಲ್ಲ. ಮನೆಯಲ್ಲಿ ಈಗಾಗಲೇ ಯಂತ್ರವಿದ್ದವರು ಇದನ್ನು ಸುಲಭವಾಗಿ ಪರೀಕ್ಷಿಸಬಹುದು: ಆಟದ ಚಿತ್ರದ ಅಳತೆಯನ್ನು ತಗ್ಗಿಸಿದಾಗ ವೇಗ ಏರಿದರೆ ತಡೆಯಿದ್ದುದು ಗ್ರಾಫಿಕ್ಸ್ ಕಾರ್ಡಿನಲ್ಲಿ, ಏರದಿದ್ದರೆ ಬಹುತೇಕ ಪ್ರೊಸೆಸರಿನಲ್ಲಿ. ಆದುದರಿಂದ ಪ್ರೊಸೆಸರಿಗೆ ಒಂದು ಪಾಲು ವ್ಯಯಿಸಿದರೆ ಗ್ರಾಫಿಕ್ಸ್ ಕಾರ್ಡಿಗೆ ಎರಡು ಪಾಲು ಮೀಸಲಿಡುವುದು ಒಳ್ಳೆಯ ಸೂತ್ರ. ಕೌಂಟರ್-ಸ್ಟ್ರೈಕ್, ವ್ಯಾಲೊರಂಟ್ ಮುಂತಾದ ಸ್ಪರ್ಧಾ ಆಟಗಳನ್ನೇ ಅತಿವೇಗದಲ್ಲಿ ಆಡಬಯಸುವವರು ಮಾತ್ರ ಪ್ರೊಸೆಸರಿನ ಪಾಲನ್ನು ತುಸು ಹೆಚ್ಚಿಸಬಹುದು.

ಹೆಚ್ಚು ಕೋರ್‌ಗಳಿದ್ದಷ್ಟೂ ಉತ್ತಮವೆಂಬ ಭಾವನೆ ಜನರಲ್ಲಿ ಬಲವಾಗಿದೆ. ಕೋರ್ ಎಂದರೆ ಪ್ರೊಸೆಸರಿನೊಳಗೆ ಸ್ವತಂತ್ರವಾಗಿ ಲೆಕ್ಕಮಾಡಬಲ್ಲ ಘಟಕ. ಆದರೆ ಜೀನ್ ಆಮ್‌ಡಾಲ್ 1967ರಲ್ಲಿ ಮಂಡಿಸಿದ ವಾದದಂತೆ, ಒಂದು ಕೆಲಸದ ಅರ್ಧಭಾಗವನ್ನಷ್ಟೇ ಹಂಚಬಹುದಾದರೆ ಎಷ್ಟು ಘಟಕಗಳನ್ನು ಕೂಡಿಸಿದರೂ ವೇಗವು ಇಮ್ಮಡಿಯನ್ನು ಮೀರಲಾರದು. ಆಟಗಳಲ್ಲಿ ಒಂದರ ಫಲವನ್ನು ಇನ್ನೊಂದು ಕಾಯಬೇಕಾದ ಲೆಕ್ಕಗಳೇ ಬಹಳ. ಆದಕಾರಣ ಪ್ರತಿ ಕೋರಿನ ವೇಗವೂ, ಪ್ರೊಸೆಸರಿನೊಳಗಿನ ಕ್ಯಾಶ್ ಎಂಬ ಸಮೀಪ ಸ್ಮೃತಿಯೂ ಮುಖ್ಯ. 2022ರಲ್ಲಿ ಬಂದ ಎಎಂಡಿ ಸಂಸ್ಥೆಯ ರೈಜೆನ್ 5800ಎಕ್ಸ್3ಡಿ ಆಟಗಳಲ್ಲಿ ಹೆಸರು ಗಳಿಸಿದ್ದು ಕೋರ್‌ಗಳ ಸಂಖ್ಯೆಯಿಂದಲ್ಲ, 96 ಮೆಗಾಬೈಟ್ ಎಲ್3 ಕ್ಯಾಶ್‌ನಿಂದ. ಮಿತವ್ಯಯಿಗೆ ಆರು ಕೋರ್ ಸಾಕು, ನಾಲ್ಕು ಕನಿಷ್ಠ.

ಇನ್ನು ಹೆಸರುಗಳ ವಿಚಾರ. ಐ7 ಎಂದೊಡನೆ ಶ್ರೇಷ್ಠ, ಐ3 ಎಂದೊಡನೆ ಕನಿಷ್ಠ ಎಂದು ಎಣಿಸುವುದು ಸರಿಯಲ್ಲ. 2013ರ ಐ7-4770 ನಾಲ್ಕನೆಯ ತಲೆಮಾರಿನದು. 2022ರ ಐ3-12100 ಹನ್ನೆರಡನೆಯದು. ಎರಡರಲ್ಲೂ ನಾಲ್ಕೇ ಕೋರ್‌ಗಳು. ಆದರೆ ವೇಗದಲ್ಲಿ ಐ3 ಬಹುದೂರ ಮುಂದಿದೆ. ಹಳೆಯ ಐ7 ಯಂತ್ರಗಳನ್ನು ಒಪ್ಪಗೊಳಿಸಿ, ಆಟದ ಯಂತ್ರವೆಂದು ಮಾರುವುದುಂಟು. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಇಂಟೆಲ್ ಎಂಟನೆಯ ತಲೆಮಾರಿಗಿಂತ ಹಳೆಯದಾದ ಬಹುತೇಕ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ. ಶಾಲೆಗಳಿಗೆ ಬಳಸಿದ ಗಣಕಯಂತ್ರಗಳನ್ನು ದಾನವಾಗಿ ನೀಡಬಯಸುವ ಮಹನೀಯರೂ ಈ ಅಂಶವನ್ನು ಗಮನಿಸುವುದು ಒಳಿತು.

ಸಂಖ್ಯೆಯ ಕೊನೆಯ ಅಕ್ಷರವೂ ಅರ್ಥವುಳ್ಳದ್ದು. ಇಂಟೆಲ್‌ನ ಎಫ್ ಅಕ್ಷರವು ಒಳಗೆ ಗ್ರಾಫಿಕ್ಸ್ ಇಲ್ಲವೆಂಬುದರ ಸೂಚನೆ. ಪ್ರತ್ಯೇಕ ಕಾರ್ಡಿಲ್ಲದೆ ಅಂತಹ ಯಂತ್ರದ ಪರದೆಯೇ ಬೆಳಗದು. ರೈಜೆನ್‌ನ ಜಿ ಅಕ್ಷರವು ಇದಕ್ಕೆ ವಿರುದ್ಧ. ರೈಜೆನ್ 5 5600ಜಿ, 8600ಜಿ ಮುಂತಾದವು ಕಾರ್ಡಿಲ್ಲದೆಯೇ ಹಗುರವಾದ ಆಟಗಳನ್ನು ನಡೆಸಬಲ್ಲವು. ಆದರೆ ಮುಂದೆ ಕಾರ್ಡು ಕೊಳ್ಳುವುದು ಖಚಿತವಾದರೆ ಸಾಮಾನ್ಯ 5600 ಲೇಸು. ಅದರ ಎಲ್3 ಕ್ಯಾಶ್ 32 ಮೆಗಾಬೈಟ್, 5600ಜಿಯದು 16.

ಪ್ರೊಸೆಸರಿನ ಬೆಲೆಯೊಂದನ್ನೇ ನೋಡಿದರೆ ಸಾಲದು. ಅದಕ್ಕೊಪ್ಪುವ ಮದರ್‌ಬೋರ್ಡ್ ಮತ್ತು ಮೆಮೊರಿಗಳ ಬೆಲೆಯನ್ನೂ ಕೂಡಿಸಿ ಹೋಲಿಸಬೇಕು. ಎಎಂಡಿಯ ಎಎಂ4 ಸಾಕೆಟ್ ಡಿಡಿಆರ್4 ಮೆಮೊರಿಯದು. 2017ರ ಅನೇಕ ಬೋರ್ಡುಗಳು ಬಯಾಸ್ ನವೀಕರಿಸಿದರೆ 5600 ಅನ್ನೂ ಸ್ವೀಕರಿಸುತ್ತವೆ. ಅಂತಹ ಬೋರ್ಡು ಮನೆಯಲ್ಲಿದ್ದವರು ಪ್ರೊಸೆಸರೊಂದನ್ನೇ ಬದಲಿಸಿ ಹೆಚ್ಚಿನ ವೆಚ್ಚವನ್ನು ಉಳಿಸಬಹುದು. ಇಂಟೆಲ್‌ನ ಎಲ್‌ಜಿಎ1700 ಹನ್ನೆರಡರಿಂದ ಹದಿನಾಲ್ಕನೆಯ ತಲೆಮಾರಿನವರೆಗಿನದು. ಬೋರ್ಡಿಗನುಸಾರ ಡಿಡಿಆರ್4 ಅಥವಾ ಡಿಡಿಆರ್5 ಬಳಸುತ್ತದೆ. 2022ರಲ್ಲಿ ಬಂದ ಎಎಂ5ಕ್ಕೆ ಡಿಡಿಆರ್5 ಮಾತ್ರವೇ ಸಲ್ಲುತ್ತದೆ. ಮೊದಲ ವೆಚ್ಚ ಹೆಚ್ಚಾದರೂ ಮುಂದೆ ಪ್ರೊಸೆಸರ್ ಬದಲಿಸುವ ದಾರಿ ತೆರೆದಿರುತ್ತದೆ. 2025ರ ಕೊನೆಯಲ್ಲಿ ಮೆಮೊರಿಯ ಬೆಲೆ ತೀವ್ರವಾಗಿ ಏರಿದುದರಿಂದ ಈ ಕೂಡುಲೆಕ್ಕಕ್ಕೆ ಇನ್ನಷ್ಟು ಮಹತ್ತ್ವ ಬಂದಿದೆ.

ಇವೆಲ್ಲವನ್ನು ಒಟ್ಟುಗೂಡಿಸಿದರೆ ನಿರ್ಣಯ ಕಷ್ಟವಲ್ಲ. ಕಾರ್ಡಿಗೆ ಹಣವಿಲ್ಲದವರಿಗೆ ಜಿ ಶ್ರೇಣಿಯ ರೈಜೆನ್. ಸಾಧಾರಣ ಕಾರ್ಡು ಕೊಳ್ಳಬಲ್ಲವರಿಗೆ ಐ3-12100ಎಫ್. ಇನ್ನಷ್ಟು ಅನುಕೂಲವುಳ್ಳವರಿಗೆ ಆರು ಕೋರಿನ ಐ5-12400ಎಫ್ ಅಥವಾ ರೈಜೆನ್ 5 5600. ದೀರ್ಘಕಾಲದ ದೃಷ್ಟಿಯುಳ್ಳವರಿಗೆ ಎಎಂ5ರ ಆರು ಕೋರಿನದು.

ಕೊಳ್ಳುವಾಗ ಕೆಲವು ಎಚ್ಚರಿಕೆಗಳು ಅವಶ್ಯ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಪೇಟೆಗಳಲ್ಲಿ ಒಂದೇ ಪ್ರೊಸೆಸರು ಪೆಟ್ಟಿಗೆಸಹಿತವಾಗಿಯೂ, ಟ್ರೇ ಎಂಬ ಹೆಸರಿನಲ್ಲಿ ಬಿಡಿಯಾಗಿಯೂ ದೊರೆಯುವುದುಂಟು. ಪೆಟ್ಟಿಗೆಯದಕ್ಕೆ ತಯಾರಕರ ಮೂರು ವರ್ಷಗಳ ವಾರಂಟಿ ಇರುವುದು ವಾಡಿಕೆ. ಬಿಡಿಯದಕ್ಕೆ ಅಂಗಡಿಯವರ ಮಾತೇ ಆಧಾರ. ರಸೀದಿಯ ಮೇಲೆ ಪ್ರೊಸೆಸರಿನ ಪೂರ್ಣ ಸಂಖ್ಯೆಯನ್ನು ಬರೆಯಿಸಿಕೊಳ್ಳಬೇಕು. ಇಂಟೆಲ್‌ನ ಹದಿಮೂರು, ಹದಿನಾಲ್ಕನೆಯ ತಲೆಮಾರಿನ ಕೆಲವು ಪ್ರೊಸೆಸರುಗಳಲ್ಲಿ ವೋಲ್ಟೇಜಿನ ದೋಷ ಕಂಡುಬಂದು, 2024ರಲ್ಲಿ ಸಂಸ್ಥೆಯೇ ಪರಿಹಾರದ ನವೀಕರಣವನ್ನು ನೀಡಿದೆ. ಅವುಗಳನ್ನು ಬಳಸಿದ ಸ್ಥಿತಿಯಲ್ಲಿ ಕೊಳ್ಳುವವರು ವಿಚಾರಿಸಿಯೇ ಮುಂದುವರಿಯಬೇಕು. ಬೇಸಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಗಳಂತಹ ಊರುಗಳಲ್ಲಿ 65 ವ್ಯಾಟ್ ದರ್ಜೆಯ ಪ್ರೊಸೆಸರನ್ನು ತಣ್ಣಗಿಡುವುದು ಸುಲಭ. ಉಳಿತಾಯದ ಆಸೆಯಿಂದ ಕಳಪೆ ಪವರ್ ಸಪ್ಲೈ ಕೊಳ್ಳುವುದು ಎಲ್ಲಿಯೂ ಸಲ್ಲದು.

ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಹಿರಿಯರ ಮಾತು ಇಲ್ಲಿಯೂ ಸಲ್ಲುತ್ತದೆ. ಆದರೆ ಹಾಸಿಗೆಯ ಅಳತೆ ಗೊತ್ತಿದ್ದವನಿಗೆ ಮಾತ್ರ ಆ ಮಾತಿನ ಪ್ರಯೋಜನ. ಯಾವ ಆಟ, ಯಾವ ಪರದೆ, ಯಾವ ಕಾರ್ಡು ಎಂಬ ಮೂರು ಪ್ರಶ್ನೆಗಳಿಗೆ ಮೊದಲು ಉತ್ತರ ಕಂಡುಕೊಂಡು, ಕೊನೆಯಲ್ಲಿ ಪ್ರೊಸೆಸರಿನ ಹೆಸರನ್ನು ಕೇಳುವಂತೆ ಮಕ್ಕಳಿಗೆ ತಿಳಿಯಹೇಳಿದರೆ, ಸಂಸಾರದ ಹಣವೂ ಉಳಿದೀತು, ಬೆಲೆಯನ್ನು ತೂಗಿ ನೋಡುವ ವಿವೇಕವೂ ಮೂಡೀತು.